ಮಿಷಿಗನ್ ಖಾತೆ, ಟೆಕ್ಸಸ್ ಕೌಂಟರ್: ಷೇರ್ಡ್ ಬ್ರಾಂಚ್ ನಂಬಿ ಊರು ಬದಲಿಸಿದ ಒಬ್ಬಳ ಪ್ರಕರಣ

ಖಾತೆದಾರಳು ದಾವಣಗೆರೆಯವಳು. ಮಿಷಿಗನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ ಟೆಕ್ಸಸ್‌ನ ಆಸ್ಟಿನ್ ಹತ್ತಿರ ಕೆಲಸಕ್ಕೆ ಸೇರಿದಳು. ಓದುವಾಗ ಕ್ಯಾಂಪಸ್ಸಿನ ಕ್ರೆಡಿಟ್ ಯೂನಿಯನ್‌ನಲ್ಲಿ ತೆರೆದ ಖಾತೆಯನ್ನು ಮುಚ್ಚದೆ ಹಾಗೆಯೇ ಇಟ್ಟುಕೊಂಡು ಬಂದಳು. "ದೇಶದ ತುಂಬ ಷೇರ್ಡ್ ಬ್ರಾಂಚ್ ಇದೆ, ಎಲ್ಲಿ ಬೇಕಾದರೂ ವ್ಯವಹಾರ ಮಾಡಬಹುದು" ಎಂದು ಅಲ್ಲಿನ ಸಿಬ್ಬಂದಿ ಹೇಳಿದ್ದರು. ಷೇರ್ಡ್ ಬ್ರಾಂಚ್ ಎಂದರೆ ಒಂದು ಯೂನಿಯನ್‌ನ ಸದಸ್ಯರು ಇನ್ನೊಂದು ಯೂನಿಯನ್‌ನ ಶಾಖೆಯಲ್ಲೂ ವ್ಯವಹಾರ ಮಾಡಬಹುದಾದ ಏರ್ಪಾಡು. ಅವರು ಸುಳ್ಳು ಹೇಳಿರಲಿಲ್ಲ. ಆದರೂ ಎರಡು ತಿಂಗಳಾಗುವಷ್ಟರಲ್ಲಿ ತನ್ನದೇ ಹಣವನ್ನು ತಾನು ಮುಟ್ಟಲಾಗದ ಸ್ಥಿತಿಗೆ ಆಕೆ ಬಂದು ನಿಂತಳು. ಆಕೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರನ್ನೂ ಆ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇನೆ. ಹೆಸರು ಬಿಟ್ಟೆನೆಂದರೂ ಇಡೀ ಪ್ರಕರಣ ನಿಂತಿರುವುದು ಹೆಸರಿನ ಮೇಲೆಯೇ, ಅದನ್ನು ಮುಂದೆ ನೋಡೋಣ.

ಯೂನಿಯನ್ ಎಂದರೆ ಯಾವುದು

ಹೊಸದಾಗಿ ಬಂದವರಿಗೆ ಕ್ರೆಡಿಟ್ ಯೂನಿಯನ್ ಎಂದರೆ ಬ್ಯಾಂಕಿನದೇ ಇನ್ನೊಂದು ಬೋರ್ಡು ಅನ್ನಿಸುತ್ತದೆ. ನಮ್ಮ ಪತ್ತಿನ ಸಹಕಾರ ಸಂಘವನ್ನು ನೆನೆದರೆ ಬೇಗ ಅರ್ಥವಾಗುತ್ತದೆ. ಷೇರು ಕಟ್ಟಿ ಸದಸ್ಯರಾಗಬೇಕು. ಹಲವು ಕಡೆ ಐದು ಡಾಲರ್ ಷೇರು ಸಾಕು. ಎಷ್ಟು ಹಣ ಇಟ್ಟರೂ ಮತ ಒಂದೇ. ಉಳಿತಾಯ ಖಾತೆಯನ್ನು ಅಲ್ಲಿ ಇಂದಿಗೂ ಷೇರು ಖಾತೆ ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ ಇಂಥ ಯೂನಿಯನ್‌ಗಳು ನಾಲ್ಕು ಸಾವಿರಕ್ಕೂ ಹೆಚ್ಚು ಇವೆ, ಸದಸ್ಯರು 14 ಕೋಟಿಗೂ ಹೆಚ್ಚು.

ಈ ಹೋಲಿಕೆ ಬರಿಯ ಹೋಲಿಕೆಯೂ ಅಲ್ಲ, ಇದಕ್ಕೆ ಇತಿಹಾಸದ ನಂಟಿದೆ. ಬಾಸ್ಟನ್‌ನ ದೊಡ್ಡ ಬಟ್ಟೆ ವ್ಯಾಪಾರಿ ಎಡ್ವರ್ಡ್ ಫೈಲೀನ್ 1907ರಲ್ಲಿ ಭಾರತಕ್ಕೆ ಬಂದಾಗ ಹಳ್ಳಿಗಳ ಸಹಕಾರ ಸಾಲದ ಸಂಘಗಳನ್ನು ಕಂಡ. ಹಿಂದಿರುಗಿದ ಮೇಲೆ ಅಮೆರಿಕದ ಕ್ರೆಡಿಟ್ ಯೂನಿಯನ್ ಚಳವಳಿಗೆ ತನ್ನ ಹಣವನ್ನೂ ಪ್ರಭಾವವನ್ನೂ ಧಾರೆ ಎರೆದ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಅದಕ್ಕೂ ಎರಡು ವರ್ಷ ಮೊದಲು, 1905ರಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ಕ್ರೆಡಿಟ್ ಯೂನಿಯನ್ ಕಾಯ್ದೆ ಬಂದದ್ದು 1909ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ 1934ರಲ್ಲಿ. ದಾವಣಗೆರೆಯ ಹುಡುಗಿಗೆ ಮಿಷಿಗನ್‌ನಲ್ಲಿ ಸಿಕ್ಕಿದ್ದು ಹೀಗೆ ದೂರದ ನೆಂಟಸ್ತಿಕೆಯ ಸಂಸ್ಥೆ.

ಎಲ್ಲರೂ ಎಲ್ಲ ಯೂನಿಯನ್‌ಗಳಿಗೂ ಸೇರುವಂತಿಲ್ಲ. ಒಂದು ಕಂಪನಿಯ ನೌಕರರು, ಒಂದು ವಿಶ್ವವಿದ್ಯಾಲಯದವರು, ಒಂದು ಜಿಲ್ಲೆಯ ನಿವಾಸಿಗಳು ಎಂಬಂತೆ ಪ್ರತಿ ಯೂನಿಯನ್‌ಗೂ ಒಂದು ವ್ಯಾಪ್ತಿ ಇರುತ್ತದೆ. ಈ ವ್ಯಾಪ್ತಿ ಎಷ್ಟು ಅಗಲ ಇರಬಹುದೆಂದು ಬ್ಯಾಂಕುಗಳು ಸುಪ್ರೀಂ ಕೋರ್ಟ್‌ವರೆಗೆ ಜಗಳ ಒಯ್ದು 1998ರ ಫೆಬ್ರವರಿಯಲ್ಲಿ ಗೆದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ ಯೂನಿಯನ್‌ಗಳ ಕೈಹಿಡಿಯಿತು. ನಮ್ಮ ಪ್ರಕರಣಕ್ಕೆ ಬೇಕಾದ ಅಂಶ ಇಷ್ಟೇ: ಸಾಮಾನ್ಯವಾಗಿ ಒಮ್ಮೆ ಸದಸ್ಯರಾದವರು ಓದು ಮುಗಿದರೂ ಊರು ಬಿಟ್ಟರೂ ಸದಸ್ಯರಾಗಿಯೇ ಉಳಿಯುತ್ತಾರೆ. ಸದಸ್ಯತ್ವ ಉಳಿಯಿತು, ಶಾಖೆ ಮಾತ್ರ ಸಾವಿರ ಮೈಲಿ ಹಿಂದೆ ಉಳಿಯಿತು. ಷೇರ್ಡ್ ಬ್ರಾಂಚ್ ಹುಟ್ಟಿದ್ದು ಈ ಕೊರತೆಯನ್ನು ತುಂಬಲೆಂದೇ.

ಕೌಂಟರ್ ಕಡ ಕೊಡುವ ಪದ್ಧತಿ

1970ರ ದಶಕದಲ್ಲಿ ಈ ಪದ್ಧತಿ ಶುರುವಾದದ್ದೂ ಮಿಷಿಗನ್‌ನಲ್ಲೇ. ಒಂದೆರಡು ಶಾಖೆಗಳ ಸಣ್ಣ ಯೂನಿಯನ್‌ಗಳು ದೊಡ್ಡ ಬ್ಯಾಂಕುಗಳ ಶಾಖೆಗಳ ಸಾಲಿನ ಎದುರು ಒಂಟಿಯಾಗಿ ನಿಲ್ಲಲಾರವು. ಹಾಗಾಗಿ ನಿನ್ನ ಸದಸ್ಯ ನನ್ನ ಕೌಂಟರಿಗೆ ಬರಲಿ, ನನ್ನ ಸದಸ್ಯ ನಿನ್ನ ಕೌಂಟರಿಗೆ ಬರಲಿ ಎಂಬ ಒಪ್ಪಂದಕ್ಕೆ ಬಂದವು. ರಾಜ್ಯಕ್ಕೊಂದರಂತೆ ಇದ್ದ ಇಂಥ ಕೂಟಗಳು ಒಂದರೊಳಗೊಂದು ಸೇರುತ್ತಾ ಹೋಗಿ ಇಂದಿನ ಕೋ-ಆಪ್ ಷೇರ್ಡ್ ಬ್ರಾಂಚ್ ಜಾಲವಾಗಿದೆ. ಐದು ಸಾವಿರಕ್ಕೂ ಹೆಚ್ಚು ಶಾಖೆಗಳು ಅದರಲ್ಲಿವೆ. ಜಾಲ ನಡೆಸುವ ಸಂಸ್ಥೆ 2024ರಲ್ಲಿ ಪಿಎಸ್‌ಸಿಯು ಎಂಬ ಇನ್ನೊಂದು ಸಂಸ್ಥೆಯೊಂದಿಗೆ ಕೂಡಿ ವೆಲೆರಾ ಎಂಬ ಹೆಸರು ಪಡೆಯಿತು. ಶಾಖೆಗಳ ಗಾಜಿನ ಬಾಗಿಲ ಮೇಲಿನ ಕೋ-ಆಪ್ ಚೀಟಿ ನೋಡಿ ಒಳಗೆ ಹೋಗಬಹುದು. ಆದರೆ ಎಲ್ಲ ಯೂನಿಯನ್‌ಗಳೂ ಈ ಜಾಲದಲ್ಲಿಲ್ಲ. ಎಟಿಎಂ ಜಾಲದಲ್ಲಿ ಇದ್ದೂ ಶಾಖೆ ಜಾಲದಲ್ಲಿ ಇಲ್ಲದಿರುವವೂ ಇವೆ. ಎಟಿಎಂನಲ್ಲಿ ಹಣ ಬಂತು, ಶಾಖೆಯಲ್ಲೂ ಆಗುತ್ತದೆ ಎಂದು ಹೊರಟವರು ಪೆಚ್ಚಾಗುವುದುಂಟು.

ಕೌಂಟರ್‌ನಲ್ಲಿ ನಡೆಯುವುದು ಹೀಗೆ. ನಿಮ್ಮ ಮೂಲ ಯೂನಿಯನ್ ಯಾವುದೆಂದು ಹೇಳಬೇಕು. ಒಂದೇ ಬಗೆಯ ಹೆಸರಿನ ಹತ್ತಾರು ಯೂನಿಯನ್‌ಗಳಿರುವುದರಿಂದ ಪೂರ್ತಿ ಹೆಸರು, ಊರು, ರಾಜ್ಯ ಹೇಳಬೇಕು. ಸದಸ್ಯ ಸಂಖ್ಯೆ ಕೊಡಬೇಕು. ಸರ್ಕಾರ ನೀಡಿದ ಭಾವಚಿತ್ರ ಸಹಿತ ಗುರುತಿನ ಚೀಟಿ ತೋರಿಸಬೇಕು. ಹಲವು ಕಡೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಟೆಲ್ಲರ್, ಅಂದರೆ ಕೌಂಟರ್‌ನ ಗುಮಾಸ್ತರು, ಅದನ್ನು ಜಾಲದ ಪರದೆಯಲ್ಲಿ ಹಾಕಿದರೆ ಮೂಲ ಯೂನಿಯನ್‌ನ ಗಣಕದಿಂದ ಖಾತೆಯ ವಿವರ ಅಲ್ಲೇ ಬರುತ್ತದೆ. ಹಣ ತೆಗೆದರೆ ಆ ಕ್ಷಣದಲ್ಲೇ ಅಲ್ಲಿ ಖರ್ಚು ಬೀಳುತ್ತದೆ, ಯೂನಿಯನ್‌ಗಳ ನಡುವಿನ ಲೆಕ್ಕವನ್ನು ಜಾಲ ಆಮೇಲೆ ಚುಕ್ತಾ ಮಾಡುತ್ತದೆ. ಪ್ರತಿ ವ್ಯವಹಾರಕ್ಕೂ ಮೂಲ ಯೂನಿಯನ್ ಕೌಂಟರ್ ಕೊಟ್ಟ ಯೂನಿಯನ್‌ಗೆ ಇಷ್ಟು ಎಂದು ಶುಲ್ಕ ಕೊಡುತ್ತದೆ. ಸದಸ್ಯರಿಗೆ ಸಾಮಾನ್ಯವಾಗಿ ಅದು ಗೊತ್ತೂ ಆಗುವುದಿಲ್ಲ.

ಈ ಶುಲ್ಕವನ್ನು ನೆನಪಿನಲ್ಲಿಡಿ. ಪರ ಊರಿನ ಸದಸ್ಯರನ್ನು ಟೆಲ್ಲರ್‌ಗಳು ಮುಖ ಸಿಂಡರಿಸದೆ ನಗುನಗುತ್ತಾ ಮಾತನಾಡಿಸುವುದರ ಹಿಂದೆ ಸಹಕಾರ ತತ್ವ ಎಷ್ಟಿದೆಯೋ ಈ ಶುಲ್ಕವೂ ಅಷ್ಟೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಬರಿಯ ಸದ್ಭಾವನೆಯ ಮೇಲೆ ನಿಂತಿದ್ದರೆ ಇದು ಐವತ್ತು ವರ್ಷ ಬಾಳುತ್ತಿರಲಿಲ್ಲ.

ನಮ್ಮ ಕಡೆ ಇದಕ್ಕೆ ಸಮನಾದದ್ದು ಬೆಳೆಯಲಿಲ್ಲ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದೇ 2022ರಲ್ಲಿ. ಅಷ್ಟರೊಳಗೆ ಯುಪಿಐ ಮತ್ತು ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆ ಈ ಅಗತ್ಯದ ದೊಡ್ಡ ಪಾಲನ್ನು ಬೇರೆ ದಾರಿಯಿಂದ ನೀಗಿಸಿಬಿಟ್ಟಿದ್ದವು. ಅಮೆರಿಕದಲ್ಲಿ ಬಾಡಿಗೆ ಮುಂಗಡಕ್ಕೆ ಹಲವು ಕಡೆ ಇಂದಿಗೂ ಕಾಗದದ ಚೆಕ್ ಬೇಕು, ಅದಕ್ಕೆ ಕೌಂಟರ್ ಬೇಕು.

ಮೊದಲ ಭೇಟಿ: ಎಲ್ಲ ಸರಾಗ

ಆಕೆಗೆ ಮೊದಲು ಬೇಕಾದದ್ದು ಅದೇ. ಹೊಸ ಅಪಾರ್ಟ್‌ಮೆಂಟ್‌ನವರು ಮೊದಲ ತಿಂಗಳ ಬಾಡಿಗೆ ಮತ್ತು ಮುಂಗಡ ಸೇರಿ 2,350 ಡಾಲರ್‌ಗೆ ಕ್ಯಾಷಿಯರ್ಸ್ ಚೆಕ್ ಕೇಳಿದರು. ಇದು ನಮ್ಮ ಡಿ.ಡಿ.ಯಂಥದು, ಕೊಡುವ ಸಂಸ್ಥೆಯೇ ಹಣಕ್ಕೆ ಹೊಣೆ. ಮನೆಗೆ ಹತ್ತಿರದ ಒಂದು ಸ್ಥಳೀಯ ಯೂನಿಯನ್ ಜಾಲದಲ್ಲಿತ್ತು. ಪಾಸ್‌ಪೋರ್ಟ್ ಹಿಡಿದು ಹೋದಳು. ಡೆಬಿಟ್ ಕಾರ್ಡ್ ಕೊಟ್ಟಳು, ಟೆಲ್ಲರ್ ಅದು ಉಪಯೋಗಕ್ಕೆ ಬಾರದೆಂದರು. ಚೆಕ್ಕಿನ ಕೆಳಗಿನ ಸಾಲಿನ ಉದ್ದನೆಯ ಸಂಖ್ಯೆ ಕೊಟ್ಟಳು, ಅದೂ ಅಲ್ಲ. ಬೇಕಾದದ್ದು ಸದಸ್ಯ ಸಂಖ್ಯೆ. ಹಲವು ಯೂನಿಯನ್‌ಗಳಲ್ಲಿ ಇವು ಬೇರೆ ಬೇರೆ. ಮೊಬೈಲ್ ಆ್ಯಪ್ ತೆರೆದು ಹುಡುಕಿ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಚೆಕ್ ಕೈಗೆ ಬಂತು.

ಆಮೇಲೆ ಹೊಸ ಕಂಪನಿ ಸ್ಥಳಾಂತರದ ಖರ್ಚಿಗೆಂದು ಕೊಟ್ಟ ಕಾಗದದ ಚೆಕ್ಕನ್ನೂ ಅಲ್ಲೇ ಜಮಾ ಮಾಡಿದಳು. ಅದರ ಮೊತ್ತ ಮೊಬೈಲ್‌ನಲ್ಲಿ ಚಿತ್ರ ತೆಗೆದು ಜಮಾ ಮಾಡುವ ದಿನದ ಮಿತಿಗಿಂತ ಹೆಚ್ಚಿತ್ತು. ಹಣ ತಕ್ಷಣ ಪೂರ್ತಿ ಸಿಗಲಿಲ್ಲ. ಚೆಕ್ ಹಣವನ್ನು ಎಷ್ಟು ದಿನ ತಡೆಹಿಡಿಯಬಹುದೆಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ರೆಗ್ಯುಲೇಷನ್ ಸಿಸಿ ಎಂಬ ನಿಯಮ ಹೇಳುತ್ತದೆ. 2025ರ ಜುಲೈನಿಂದ ಮೊದಲ 275 ಡಾಲರ್ ಮರುದಿನವೇ ಸಿಗಬೇಕು, ಉಳಿದದ್ದು ಸಾಮಾನ್ಯವಾಗಿ ಎರಡನೆಯ ಕೆಲಸದ ದಿನಕ್ಕೆ. ದಿನಕ್ಕೆ 6,725 ಡಾಲರ್ ಮೀರಿದ ಜಮೆ, ಹೊಸ ಖಾತೆ, ಅನುಮಾನಾಸ್ಪದ ಚೆಕ್ ಇವುಗಳಿಗೆ ಇನ್ನೂ ಹೆಚ್ಚು ದಿನ ತಡೆಯಬಹುದು. ಆಕೆ ಇದಕ್ಕೆ ಸಿಟ್ಟಾದಳು, ನಾನು ಸಿಟ್ಟಾಗಬೇಡ ಎಂದೆ. ತಿಂಗಳ ಸಂಬಳವಂತೂ ನೇರ ಜಮೆಯಾಗಿ ಮಿಷಿಗನ್ ಖಾತೆಗೆ ಬೀಳುತ್ತಿತ್ತು, ಅದಕ್ಕೆ ಯಾವ ಶಾಖೆಯೂ ಬೇಡ. ಯೂನಿಯನ್‌ನಿಂದ ಪಡೆದಿದ್ದ ಸಣ್ಣ ಸಾಲದ ಕಂತನ್ನೂ ಒಮ್ಮೆ ಇದೇ ಕೌಂಟರ್‌ನಲ್ಲಿ ಕಟ್ಟಿದಳು. ಇಷ್ಟಾದ ಮೇಲೆ ಆಕೆಗೆ ಧೈರ್ಯ ಬಂದದ್ದು ಸಹಜ. ಸ್ಥಳೀಯವಾಗಿ ಇನ್ನೊಂದು ಖಾತೆ ಇರಲಿ ಎಂದರೆ "ಯಾಕೆ ಅಕ್ಕಾ, ಇದೇ ಸಾಕಲ್ಲ" ಎಂದಳು.

ಪರ್ಸ್ ಕಳೆದ ದಿನ

ಒಂದು ಶನಿವಾರ ಬಸ್ಸಿನಲ್ಲಿ ಪರ್ಸ್ ಹೋಯಿತು. ಒಳಗಿದ್ದದ್ದು ಡೆಬಿಟ್ ಕಾರ್ಡ್ ಮತ್ತು ಒಂದಿಷ್ಟು ನಗದು. ಹೊಸದಾಗಿ ಮಾಡಿಸಿದ ಟೆಕ್ಸಸ್ ಚಾಲನಾ ಪರವಾನಗಿ ಬೇರೆ ಚೀಲದಲ್ಲಿದ್ದು ಉಳಿಯಿತು. ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಆಕೆ ನೇರ ಅದೇ ಷೇರ್ಡ್ ಬ್ರಾಂಚ್‌ಗೆ ಹೋಗಿ ಕಾರ್ಡ್ ನಿಲ್ಲಿಸಿ ಹೊಸದು ಕೊಡಿ ಎಂದಳು. ಟೆಲ್ಲರ್ ಎರಡೂ ಆಗದೆಂದರು.

ಪ್ರಕರಣದ ತಿರುಳು ಇಲ್ಲಿದೆ. ಬೇರೆ ಯೂನಿಯನ್‌ನ ಕೌಂಟರ್‌ನಲ್ಲಿ ಹಣವನ್ನು ಹಾಕಬಹುದು, ತೆಗೆಯಬಹುದು, ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿಸಬಹುದು, ಸಾಲದ ಕಂತು ಕಟ್ಟಬಹುದು, ಶಿಲ್ಕು ಕೇಳಬಹುದು. ಖಾತೆಯನ್ನು ಮಾತ್ರ ಮುಟ್ಟುವಂತಿಲ್ಲ. ಕಾರ್ಡ್, ವಿಳಾಸ, ಫೋನ್ ಸಂಖ್ಯೆ, ಹೆಸರು, ಜಂಟಿ ಖಾತೆದಾರರ ಸೇರ್ಪಡೆ, ಹೊಸ ಸಾಲದ ಅರ್ಜಿ, ತಪ್ಪು ವ್ಯವಹಾರದ ತಕರಾರು ಇವೆಲ್ಲ ಮೂಲ ಯೂನಿಯನ್‌ನ ಕೆಲಸ. ಜಾಹೀರಾತು ಚೀಟಿಗಳಲ್ಲಿ ಮೊದಲ ಪಟ್ಟಿ ದೊಡ್ಡ ಅಕ್ಷರದಲ್ಲಿರುತ್ತದೆ, ಎರಡನೆಯದು ಇರುವುದೇ ಅಪರೂಪ. ಎಲ್ಲ ಸರಿ ಇರುವ ತನಕ ಮೊದಲ ಪಟ್ಟಿಯೇ ಬೇಕಾದಷ್ಟಾಯಿತು. ಏನಾದರೂ ಕೆಟ್ಟಾಗ ಬೇಕಾಗುವುದೆಲ್ಲ ಎರಡನೆಯದರಲ್ಲೇ ಇರುತ್ತದೆ.

ಆಕೆ ಮಿಷಿಗನ್‌ಗೆ ಫೋನ್ ಮಾಡಿದಳು. ಕಾರ್ಡ್ ನಿಲ್ಲಿಸುವ ಫೋನ್ ಸೇವೆ ಇಪ್ಪತ್ತನಾಲ್ಕು ಗಂಟೆಯದು, ಅದು ಆಯಿತು. ಉಳಿದದ್ದಕ್ಕೆ ಸೋಮವಾರ ಕಾಯಬೇಕಾಯಿತು. ಮಿಷಿಗನ್ ಗಡಿಯಾರ ಟೆಕ್ಸಸ್‌ಗಿಂತ ಒಂದು ಗಂಟೆ ಮುಂದಿರುವುದರಿಂದ ಆಕೆ ಕೆಲಸ ಮುಗಿಸಿ ಹೊರಬರುವ ಹೊತ್ತಿಗೆ ಅಲ್ಲಿ ಕಚೇರಿ ಮುಚ್ಚಿರುತ್ತಿತ್ತು. ಊಟದ ವಿರಾಮದಲ್ಲಿ ಫೋನ್ ಹಿಡಿದು ಕುಳಿತಳು. ಹೊಸ ಕಾರ್ಡನ್ನು ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ ಕಳುಹಿಸುತ್ತೇವೆ ಎಂದರು. ದಾಖಲೆಯಲ್ಲಿದ್ದದ್ದು ಮಿಷಿಗನ್‌ನ ಹಳೆಯ ಬಾಡಿಗೆ ಮನೆ. ವಿಳಾಸ ಬದಲಿಸಲು ಹೋದರೆ ಫೋನ್‌ಗೆ ಒಟಿಪಿ ಕಳುಹಿಸುತ್ತೇವೆ ಎಂದರು. ದಾಖಲೆಯಲ್ಲಿದ್ದ ಸಂಖ್ಯೆ ಸಹವಾಸಿಗಳೊಂದಿಗೆ ಹಂಚಿಕೊಂಡಿದ್ದ ಹಳೆಯ ಮೊಬೈಲ್ ಯೋಜನೆಯದು, ಊರು ಬಿಡುವಾಗಲೇ ಬಿಟ್ಟಿದ್ದಳು. ಗಾಬರಿಯಲ್ಲಿ ಆ್ಯಪ್‌ನ ಗುಪ್ತಪದವನ್ನೂ ಬದಲಿಸಲು ಹೋಗಿ ಅಲ್ಲೂ ಒಟಿಪಿಯ ಗೋಡೆಗೆ ಬಡಿದು ಹೊರಗುಳಿದಳು.

ಅಲ್ಲಿಗೆ ಉಳಿದ ದಾರಿ ಕೌಂಟರ್ ಒಂದೇ. ಮತ್ತೆ ಷೇರ್ಡ್ ಬ್ರಾಂಚ್‌ಗೆ ಹೋಗಿ 400 ಡಾಲರ್ ನಗದು ಕೇಳಿದಳು. ಸದಸ್ಯ ಸಂಖ್ಯೆ ಹೇಳಿದಳು, ಚಾಲನಾ ಪರವಾನಗಿ ಕೊಟ್ಟಳು. ಟೆಲ್ಲರ್ ಪರವಾನಗಿಯನ್ನೂ ಪರದೆಯನ್ನೂ ಎರಡು ಸಲ ನೋಡಿ, ಹೆಸರು ಹೊಂದುವುದಿಲ್ಲ ಎಂದರು.

"ಅಕ್ಕಾ, ನನ್ನ ದುಡ್ಡನ್ನು ನನಗೇ ಕೊಡುವುದಿಲ್ಲ ಎನ್ನುತ್ತಾರೆ" ಎಂದು ಆಕೆ ನನಗೆ ಫೋನ್ ಮಾಡಿದ್ದು ಆಗ.

ಒಂದೇ ಹೆಸರಿನ ಫಜೀತಿ

ಕರ್ನಾಟಕದಲ್ಲಿ ಅಡ್ಡಹೆಸರಿಲ್ಲದವರು ಬಹಳ. ಊರಿನದೋ ಅಪ್ಪನದೋ ಹೆಸರಿನ ಮೊದಲಕ್ಷರ ಹಚ್ಚಿಕೊಂಡು ಶಾಲೆ, ಕಾಲೇಜು, ನೌಕರಿ ಎಲ್ಲ ಮುಗಿಸುತ್ತೇವೆ. ಈಕೆಯ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಕೊಟ್ಟ ಹೆಸರಿನ ಜಾಗದಲ್ಲಿ ಒಂದೇ ಹೆಸರು. ಅಮೆರಿಕದ ವೀಸಾ ಅಂಥವರ ಒಂದೇ ಹೆಸರನ್ನು ಅಡ್ಡಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಮುದ್ರಿಸುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚುಟುಕು ಅದು. ಟೆಕ್ಸಸ್‌ನ ಪರವಾನಗಿ ಕಚೇರಿ ವೀಸಾ ದಾಖಲೆಯನ್ನು ಹಿಡಿದು ಕಾರ್ಡಿನ ಮೇಲೂ ಅದನ್ನೇ ಅಚ್ಚು ಹಾಕಿತ್ತು.

ಕ್ಯಾಂಪಸ್‌ನ ಯೂನಿಯನ್‌ನಲ್ಲಿ ಖಾತೆ ತೆರೆದ ಮೊದಲ ವಾರ ನಡೆದದ್ದು ಬೇರೆ. ಅಲ್ಲಿನ ಅರ್ಜಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡುವಂತಿರಲಿಲ್ಲ. ಸಿಬ್ಬಂದಿ ಆಕೆಯ ಹೆಸರನ್ನೇ ಎರಡು ಸಲ ಹಾಕಿದರು, ಮೊದಲಿಗೂ ಕೊನೆಗೂ. ಪಾಸ್‌ಪೋರ್ಟ್ ತೋರಿಸಿದಾಗ ಟೆಲ್ಲರ್ ಒಂದೇ ಹೆಸರು ಎರಡು ಸಲ ಬಂದಿದೆ ಎಂದುಕೊಂಡು ಒಪ್ಪಿದ್ದರು. ಪರವಾನಗಿಯ ಮೇಲೆ ಎಫ್‌ಎನ್‌ಯು ಕಂಡಾಗ ಒಪ್ಪಲಿಲ್ಲ. ಆಕೆಯ ದೃಷ್ಟಿಯಲ್ಲಿ ಎರಡೂ ಒಂದೇ. ಕಾರ್ಡನ್ನೂ ಪರದೆಯನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡುವವರ ಕಣ್ಣಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಟೆಲ್ಲರ್ ಮಾಡಿದ್ದು ಸರಿ ಎಂದು ನಾನು ಹೇಳಿದಾಗ ಆಕೆಗೆ ನನ್ನ ಮೇಲೂ ಬೇಸರವಾಯಿತು. ಆದರೆ ಷೇರ್ಡ್ ಬ್ರಾಂಚ್‌ನ ದೊಡ್ಡ ದೌರ್ಬಲ್ಯ ಇಲ್ಲೇ ಇದೆ. ಮೂಲ ಶಾಖೆಯ ಟೆಲ್ಲರ್‌ಗೆ ಸದಸ್ಯರ ಮುಖ ಪರಿಚಯ ಇರಬಹುದು, ಸಹಿಯ ಮಾದರಿ ಇರುತ್ತದೆ. ಪರ ಊರಿನ ಟೆಲ್ಲರ್‌ಗೆ ಇರುವುದು ಕೈಯಲ್ಲಿನ ಕಾರ್ಡ್ ಮತ್ತು ಎದುರಿನ ಪರದೆ ಅಷ್ಟೇ. ಕದ್ದ ಸದಸ್ಯ ಸಂಖ್ಯೆ ಮತ್ತು ನಕಲಿ ಗುರುತಿನ ಚೀಟಿ ಹಿಡಿದು ಯೂನಿಯನ್‌ನಿಂದ ಯೂನಿಯನ್‌ಗೆ ಸುತ್ತಿ ಯಾರದೋ ಖಾತೆ ಬರಿದು ಮಾಡುವ ತಂಡಗಳು ಅಮೆರಿಕದಲ್ಲಿ ಹೊಸವಲ್ಲ. ಅದಕ್ಕಾಗಿಯೇ ಹಲವು ಯೂನಿಯನ್‌ಗಳು ಪರ ಕೌಂಟರ್‌ನ ದಿನದ ನಗದು ಮಿತಿಯನ್ನು ಇಳಿಸಿವೆ. ಅನುಮಾನ ಬಂದಾಗ ಕೊಡಬೇಡ ಎಂಬುದೇ ಅಲ್ಲಿ ಟೆಲ್ಲರ್‌ಗೆ ಕಲಿಸುವ ಮೊದಲ ಪಾಠ. 400 ಡಾಲರ್ ತಡೆದ ಕೈ ಇನ್ನೊಂದು ದಿನ ಆಕೆಯ ಸಂಬಳವನ್ನೇ ಉಳಿಸಬಹುದು.

ನನ್ನ ತಕರಾರು ಇರುವುದು ಮಿಷಿಗನ್‌ನಲ್ಲಿ ಖಾತೆ ತೆರೆದವರ ಬಗ್ಗೆ. ಪ್ರತಿವರ್ಷ ಭಾರತದಿಂದ ಬರುವ ವಿದ್ಯಾರ್ಥಿಗಳ ಖಾತೆ ತೆರೆಯುವವರಿಗೆ ಎಫ್‌ಎನ್‌ಯು ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ. ವೀಸಾ ಪುಟವನ್ನೂ ನೋಡಿ, ಮುಂದೆ ಪರವಾನಗಿಯಲ್ಲಿ ಹೀಗೆ ಬರುತ್ತದೆ, ಆಗ ಬಂದು ಸರಿಮಾಡಿಸಿಕೊ ಎಂದು ಒಂದು ಮಾತು ಹೇಳಬಹುದಿತ್ತು.

ಬಿಡಿಸಿದ್ದು ಹೇಗೆ

ಬಿಡಿಸುವ ಕ್ರಮದಲ್ಲಿ ಮೊದಲಿಗೆ ಬಂದದ್ದು ಫೋನ್ ಸಂಖ್ಯೆ. ಅದು ಸರಿಯಾಗದೆ ವಿಳಾಸ ಇಲ್ಲ, ವಿಳಾಸ ಇಲ್ಲದೆ ಕಾರ್ಡ್ ಇಲ್ಲ. ಆಕೆ ಎಲ್ಲವನ್ನೂ ಒಟ್ಟಿಗೆ ಕೇಳುತ್ತಾ ಪ್ರತಿ ಸಲ ಬೇರೆ ಸಿಬ್ಬಂದಿಯ ಕೈಗೆ ಸಿಗುತ್ತಿದ್ದಳು. ಮೂಲ ಯೂನಿಯನ್‌ನ ಸದಸ್ಯ ಸೇವಾ ವಿಭಾಗದ ಒಬ್ಬರೇ ಅಧಿಕಾರಿಯನ್ನು ಹಿಡಿದು, ಅವರ ನೇರ ಸಂಖ್ಯೆ ಪಡೆದು, ಒಂದೊಂದಾಗಿ ಮುಗಿಸಲು ಹೇಳಿದೆ. ಅವರು ಹಳೆಯ ವ್ಯವಹಾರಗಳ ಬಗ್ಗೆ ಪ್ರಶ್ನೆ ಕೇಳಿ ಗುರುತು ಖಚಿತಪಡಿಸಿಕೊಂಡರು. ಬಳಿಕ ಫೋನ್, ವಿಳಾಸ ಮತ್ತು ಹೆಸರು ಮೂರರ ಬದಲಾವಣೆಗೂ ಸಹಿ ಮಾಡಿ ನೋಟರಿ ಮುದ್ರೆ ಹಾಕಿದ ನಮೂನೆ ಬೇಕೆಂದರು. ಜೊತೆಗೆ ಪರವಾನಗಿಯ ಮತ್ತು ವೀಸಾ ಪುಟದ ಪ್ರತಿ. ವೀಸಾ ಇದ್ದ ಪಾಸ್‌ಪೋರ್ಟ್ ನವೀಕರಣದಲ್ಲಿದ್ದರೂ ಆಕೆಯ ಬಳಿ ಸ್ಕ್ಯಾನ್ ಇತ್ತು, ಪುಣ್ಯಕ್ಕೆ. ನೋಟರಿಯನ್ನು ಕೊರಿಯರ್ ಅಂಗಡಿಯೊಂದರಲ್ಲಿ ಮಾಡಿಸಿದಳು. ಷೇರ್ಡ್ ಬ್ರಾಂಚ್‌ನಲ್ಲಿ ನೋಟರಿ ಇದ್ದರೂ ಆ ಸೇವೆ ಅವರ ಸ್ವಂತ ಸದಸ್ಯರಿಗೆ ಮಾತ್ರ ಎಂದಿದ್ದರು.

ಅಷ್ಟು ದಿನ ಕೈಗಡದಲ್ಲೇ ನಡೆಯಿತು. ಖಾತೆಯಲ್ಲಿ ಸಂಬಳ ಬೀಳುತ್ತಿತ್ತು, ಈಕೆ ಸಹೋದ್ಯೋಗಿಯ ಹತ್ತಿರ ದಿನಸಿಗೆ ಸಾಲ ಕೇಳುತ್ತಿದ್ದಳು. ದಾವಣಗೆರೆಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮರುದಿನವೇ ಇಲ್ಲಿಗೆ ಹಣ ಕಳುಹಿಸುತ್ತಿದ್ದರು. ಕಳುಹಿಸಿದ ಹಣ ಹೋಗಿ ಬೀಳುವುದೂ ಅದೇ ಖಾತೆಗೆ.

ನಮೂನೆ ತಲುಪಿದ ಮೇಲೆ ಮೊದಲು ಫೋನ್ ಸಂಖ್ಯೆ ಬದಲಾಯಿತು, ಆ್ಯಪ್ ತೆರೆಯಿತು. ಆಮೇಲೆ ಪರವಾನಗಿಯಲ್ಲಿದ್ದಂತೆಯೇ ಹೆಸರು ಬದಲಾಯಿತು. ಆ ದಿನ ಷೇರ್ಡ್ ಬ್ರಾಂಚ್‌ನ ಅದೇ ಟೆಲ್ಲರ್ ಮಾತಿಲ್ಲದೆ ನಗದು ಎಣಿಸಿ ಕೊಟ್ಟರು. ಕಾರ್ಡ್ ಅಂಚೆಯಲ್ಲಿ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಈಗಿನ ಏರ್ಪಾಡು

ಮಿಷಿಗನ್ ಖಾತೆಯನ್ನು ಮುಚ್ಚಬೇಕೆಂದು ಆಕೆ ಹಠ ಹಿಡಿದಿದ್ದಳು. ನಾನು ಬೇಡವೆಂದೆ. ಅಲ್ಲಿನ ಸಾಲದ ಬಡ್ಡಿ ಟೆಕ್ಸಸ್‌ನಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆ, ಖಾತೆಯ ವಯಸ್ಸೂ ಮುಂದೆ ಉಪಯೋಗಕ್ಕೆ ಬರುತ್ತದೆ. ಮನೆ ಹತ್ತಿರದ, ಆಕೆಗೆ ಕೌಂಟರ್ ಕೊಟ್ಟ ಅದೇ ಯೂನಿಯನ್‌ನಲ್ಲಿ ಷೇರು ಕಟ್ಟಿ ಸದಸ್ಯಳಾದಳು, ಈ ಸಲ ಪರವಾನಗಿಯಲ್ಲಿ ಇದ್ದಂತೆಯೇ ಹೆಸರು ಬರೆಸಿ. ಸಂಬಳದ ಒಂದು ಪಾಲು ಈಗ ಇಲ್ಲಿಗೆ ಬರುತ್ತದೆ, ಸಾಲದ ಕಂತಿನಷ್ಟು ಮಿಷಿಗನ್‌ಗೆ ಹೋಗುತ್ತದೆ. ಎರಡೂ ಕಡೆ ಇಟ್ಟ ಹಣಕ್ಕೆ ಬೇರೆ ಬೇರೆಯಾಗಿ ತಲಾ 2,50,000 ಡಾಲರ್‌ವರೆಗೆ ಕ್ರೆಡಿಟ್ ಯೂನಿಯನ್‌ಗಳ ಮೇಲ್ವಿಚಾರಣೆಯ ಕೇಂದ್ರ ಸಂಸ್ಥೆ ಎನ್‌ಸಿಯುಎ ನಡೆಸುವ ನಿಧಿಯ ವಿಮೆ ಇದೆ. ಪರ ಕೌಂಟರ್‌ನಲ್ಲಿ ಜಮಾ ಮಾಡಿದ ಹಣಕ್ಕೂ ವಿಮೆ ಲೆಕ್ಕವಾಗುವುದು ಮೂಲ ಯೂನಿಯನ್‌ನಲ್ಲೇ, ಕೌಂಟರ್ ಯಾರದಾದರೂ ಸರಿ. ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಕೆಲವು ಯೂನಿಯನ್‌ಗಳಲ್ಲಿ ಖಾಸಗಿ ವಿಮೆ ಇರುವುದುಂಟು, ಸೇರುವ ಮುನ್ನ ಬಾಗಿಲ ಮೇಲಿನ ಚೀಟಿ ನೋಡಿಕೊಳ್ಳುವುದು ಲೇಸು.

ಪಾಸ್‌ಪೋರ್ಟ್ ನವೀಕರಣವಾಗಿ ಬಂತು. ಅರ್ಜಿಯಲ್ಲಿ ಆಕೆ ಅಪ್ಪನ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಳು, ಇನ್ನು ಮುಂದೆ ಈ ಕಾಟ ಬೇಡವೆಂದು. ವೀಸಾ, ಪರವಾನಗಿ, ಎರಡೂ ಯೂನಿಯನ್‌ಗಳ ದಾಖಲೆ ಎಲ್ಲವೂ ಇನ್ನೂ ಎಫ್‌ಎನ್‌ಯುವಿನಲ್ಲೇ ಇವೆ. ಹೊಸ ವೀಸಾ ಆಗಿ, ಪರವಾನಗಿ ಬದಲಾಗುವ ತನಕ ಖಾತೆಗಳ ಹೆಸರು ಬದಲಿಸಬೇಡ, ಅಲ್ಲಿಯವರೆಗೆ ಕೌಂಟರ್‌ಗೆ ಪಾಸ್‌ಪೋರ್ಟ್ ಒಯ್ಯದೆ ಪರವಾನಗಿಯನ್ನೇ ಒಯ್ಯಿ ಎಂದು ಹೇಳಿದ್ದೇನೆ.